ಬುತ್ತಿ ಕಟ್ಟಿಕೊಂಡು ಹೊರಡುವ ಸೈಕಲ್ ಸವಾರ

ಸೈಕಲ್ ತುಳಿಯುವುದನ್ನು ಕಲಿಯದೆ ಮಹಾನಗರಕ್ಕೆ ಬಂದ ಕನ್ನಡಿಗರು ಬಹಳ ಕಡಿಮೆ. ತಾಸಿನ ಲೆಕ್ಕದ ಬಾಡಿಗೆ ಸೈಕಲ್ಲು, ಸೀಟಿನ ಮೇಲೆ ಕುಳಿತರೆ ಕಾಲು ನಿಲುಕದೆಂದು ಚೌಕಟ್ಟಿನ ನಡುವಿನಿಂದ ಕಾಲು ತೂರಿಸಿ ತುಳಿದ ಒಳಪೆಡಲು, ಮೊಣಕಾಲಿನ ಮೇಲೆ ಈಗಲೂ ಉಳಿದಿರುವ ಗಾಯದ ಗುರುತು, ದೀಪವಿಲ್ಲದೆ ಹೋದುದಕ್ಕೋ ಡಬಲ್ ಸವಾರಿ ಮಾಡಿದುದಕ್ಕೋ ತೆತ್ತ ದಂಡ, ಇವೆಲ್ಲ ಧಾರವಾಡದವರಿಗೂ ಉಡುಪಿಯವರಿಗೂ ಮೈಸೂರಿನವರಿಗೂ ಸಮಾನವಾದ ಬಾಲ್ಯದ ಆಸ್ತಿ. ಹೊಟ್ಟೆಪಾಡಿಗಾಗಿ ಮುಂಬಯಿಗೋ ಪುಣೆಗೋ ಚೆನ್ನೈಗೋ ಬಂದ ಮೇಲೆ ಆ ಆಸ್ತಿಯನ್ನು ಯಾರೂ ವಿಚಾರಿಸುವುದಿಲ್ಲ. ಲೋಕಲ್ ಗಾಡಿಯ ನೂಕುನುಗ್ಗಲು, ಎಂಟು ಗಂಟೆಯ ಕುರ್ಚಿ, ಮತ್ತೆ ಲೋಕಲ್ ಗಾಡಿ. ನಲವತ್ತು ದಾಟುವ ಹೊತ್ತಿಗೆ ಸೊಂಟದ ಪಟ್ಟಿಗೆ ಹೊಸ ತೂತು ಬೇಕಾಗುತ್ತದೆ. ವೈದ್ಯರು ರಕ್ತದೊತ್ತಡದ ಚೀಟಿ ಬರೆದು, “ಏನಾದರೂ ವ್ಯಾಯಾಮ ಮಾಡಿ” ಎನ್ನುತ್ತಾರೆ. ಆಗ ನೆನಪಾಗುವುದು ಸೈಕಲ್ಲು.

ಬೆಳಗಿನ ಹೊತ್ತು ಹತ್ತು ಕಿಲೋಮೀಟರು ತುಳಿದು ಬರುವುದರಿಂದ ಆರಂಭವಾದ ಈ ಅಭ್ಯಾಸ ಕೆಲವರಲ್ಲಿ ಅಷ್ಟಕ್ಕೇ ನಿಲ್ಲುವುದಿಲ್ಲ. ಹತ್ತು ಐವತ್ತಾಗುತ್ತದೆ, ಐವತ್ತು ನೂರಾಗುತ್ತದೆ. ಕೊನೆಗೊಂದು ದಿನ ಗೆಳೆಯರೊಬ್ಬರು ‘ಬ್ರೆವೆ’ ಎಂಬ ಶಬ್ದವನ್ನು ಕಿವಿಗೆ ಹಾಕುತ್ತಾರೆ. ಇನ್ನೂರು, ಮುನ್ನೂರು, ನಾನೂರು, ಆರುನೂರು ಕಿಲೋಮೀಟರುಗಳನ್ನು ಗೊತ್ತುಪಡಿಸಿದ ಅವಧಿಯೊಳಗೆ, ಹಿಂದೆ ಕಾರು ಇಲ್ಲದೆ, ಜೊತೆಗೆ ಆಳು ಇಲ್ಲದೆ, ತನ್ನ ಬುತ್ತಿಯನ್ನೂ ತನ್ನ ರಿಪೇರಿ ಸಾಮಾನನ್ನೂ ತಾನೇ ಹೊತ್ತು ಕ್ರಮಿಸುವ ಸವಾರಿ ಇದು. ಇಂಥ ಸವಾರಿಗಳು ಇಂದು ಬೆಂಗಳೂರಿನಲ್ಲಿ ಮಾತ್ರವಲ್ಲ, ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿಯೂ ನಡೆಯುತ್ತಿವೆ. ಅವುಗಳಲ್ಲಿ ಪಾಲ್ಗೊಳ್ಳುವವರೆಲ್ಲ ತರುಣರೂ ಅಲ್ಲ, ಕ್ರೀಡಾಪಟುಗಳೂ ಅಲ್ಲ. ಗುಮಾಸ್ತರು, ಶಿಕ್ಷಕರು, ಅಂಗಡಿಕಾರರು, ಐವತ್ತು ದಾಟಿದ ಗೃಹಿಣಿಯರು ಕೂಡ ಇದ್ದಾರೆ. ಆದುದರಿಂದ ಇದಕ್ಕೆ ಬೇಕಾದ ಸಿದ್ಧತೆ ಏನೆಂಬುದನ್ನು ತಿಳಿದುಕೊಳ್ಳುವುದು ಉಚಿತ.

ಪ್ಯಾರಿಸಿನಿಂದ ಬಂದ ಪದ್ಧತಿ

ಈ ಪದ್ಧತಿಯ ಮೂಲ ಯುರೋಪಿನಲ್ಲಿದೆ. 1891ರ ಸೆಪ್ಟೆಂಬರಿನಲ್ಲಿ ಪ್ಯಾರಿಸಿನ ‘ಲ ಪೆತಿ ಜುರ್ನಾಲ್’ ಪತ್ರಿಕೆಯ ಪಿಯೆರ್ ಜಿಫಾರ್ ಎಂಬವನು ಪ್ಯಾರಿಸಿನಿಂದ ಅಟ್ಲಾಂಟಿಕ್ ತೀರದ ಬ್ರೆಸ್ಟ್ ಬಂದರಿಗೆ ಹೋಗಿ ಹಿಂದಿರುಗುವ, ಸುಮಾರು 1200 ಕಿಲೋಮೀಟರುಗಳ ಸೈಕಲ್ ಪಂದ್ಯವನ್ನು ಏರ್ಪಡಿಸಿದನು. ಇನ್ನೂರಕ್ಕೂ ಮಿಕ್ಕಿದ ಜನ ಹೊರಟರು. ಮರಳಿ ಮುಟ್ಟಿದವರು ಸರಿಸುಮಾರು ಅರ್ಧದಷ್ಟು. ಮೊದಲಿಗನಾಗಿ ಬಂದ ಶಾರ್ಲ್ ತೆರೋಂ ತೆಗೆದುಕೊಂಡ ಕಾಲ 71 ಗಂಟೆಗಳಿಗಿಂತ ತುಸು ಹೆಚ್ಚು. 1897ರಲ್ಲಿ ಇಟಲಿಯ ಹನ್ನೆರಡು ಮಂದಿ ರೋಮಿನಿಂದ ನೇಪಲ್ಸಿಗೆ, ಅಂದರೆ 230 ಕಿಲೋಮೀಟರುಗಳನ್ನು, ಹಗಲು ಮುಗಿಯುವುದರೊಳಗೆ ಮುಟ್ಟಲು ಹೊರಟರು. ‘ಸಾಹಸಿ’ ಎಂಬ ಅರ್ಥದ ‘ಆಡಾಕ್ಸ್’ ಎಂಬ ಲ್ಯಾಟಿನ್ ಹೆಸರು ಇಂಥ ಸವಾರರಿಗೆ ಅಂಟಿಕೊಂಡದ್ದು ಅಲ್ಲಿಂದ. 1904ರಲ್ಲಿ ಸ್ಥಾಪಿತವಾದ ಪ್ಯಾರಿಸಿನ ಆಡಾಕ್ಸ್ ಕ್ಲಬ್ಬು 1931ರಿಂದ ಪ್ಯಾರಿಸ್–ಬ್ರೆಸ್ಟ್ ದಾರಿಯಲ್ಲಿ ಸಾಮಾನ್ಯ ಸವಾರರಿಗಾಗಿಯೇ ಯಾನವನ್ನು ನಡೆಸತೊಡಗಿತು. ಈಗ ಅದು ನಾಲ್ಕು ವರ್ಷಗಳಿಗೊಮ್ಮೆ ಜರುಗುತ್ತದೆ. 2019ರಲ್ಲಿಯೂ 2023ರಲ್ಲಿಯೂ ಭಾರತದಿಂದ ನೂರಾರು ಮಂದಿ ಹೋಗಿದ್ದರು. (ಸೈಕಲ್ ಗಾಲಿಯ ಆಕಾರದ ಒಂದು ಸಿಹಿತಿಂಡಿಗೂ ಫ್ರಾನ್ಸಿನಲ್ಲಿ ‘ಪ್ಯಾರಿಸ್–ಬ್ರೆಸ್ಟ್’ ಎಂದೇ ಹೆಸರು. ಸವಾರರಿಗಿಂತ ಅದನ್ನು ತಿಂದವರ ಸಂಖ್ಯೆಯೇ ಹೆಚ್ಚಿರಬೇಕು!)

‘ಬ್ರೆವೆ’ ಎಂದರೆ ಪ್ರಮಾಣಪತ್ರ. ಇದು ಪಂದ್ಯವಲ್ಲ, ಮೊದಲು ಬಂದವನಿಗೂ ಕೊನೆಗೆ ಬಂದವನಿಗೂ ದೊರೆಯುವ ಮಾನ್ಯತೆ ಒಂದೇ. 200 ಕಿಲೋಮೀಟರಿಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40, ಮುಂದೆ 1000ಕ್ಕೆ 75, 1200ಕ್ಕೆ 90 ಗಂಟೆ. ವಯಸ್ಸಿಗಾಗಲಿ, ಹೆಣ್ಣು ಗಂಡೆಂಬ ಭೇದಕ್ಕಾಗಲಿ ಇದರಲ್ಲಿ ರಿಯಾಯಿತಿಯಿಲ್ಲ. ದಾರಿಯ ನಡುವೆ ಗೊತ್ತುಪಡಿಸಿದ ತಪಾಸಣೆಯ ಠಾಣೆಗಳಿರುತ್ತವೆ; ಪ್ರತಿಯೊಂದನ್ನೂ ಅದರದರ ವೇಳೆಯೊಳಗೆ ಮುಟ್ಟಿ ದಾಖಲೆ ಪಡೆಯಬೇಕು. ಠಾಣೆಯ ಹೊರಗೆ ಬೇರೆಯವರ ಸಹಾಯವಾಹನ ಹಿಂಬಾಲಿಸಕೂಡದು. ದಾರಿಯ ಅಂಗಡಿಯಲ್ಲಿ ಚಹಾ ಕುಡಿಯಲು, ಹೋಟೆಲಿನಲ್ಲಿ ಉಣ್ಣಲು, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಮಲಗಲು ಅಡ್ಡಿಯಿಲ್ಲ.

ಈ ಅಂಕೆಗಳನ್ನು ಗಮನಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಗಂಟೆಗೆ 15 ಕಿಲೋಮೀಟರೆಂಬುದು ಹಾಲು ಹಾಕುವವನ ಸೈಕಲ್ಲಿನ ವೇಗ. ಆ ವೇಗಕ್ಕೆ ಅಸಾಧಾರಣ ಕಾಲುಗಳು ಬೇಕಾಗಿಲ್ಲ. ಹಾಗಿದ್ದೂ ಅನೇಕರು ನಡುದಾರಿಯಲ್ಲಿ ನಿಲ್ಲುತ್ತಾರೆ. ಕಾಲು ಸೋತವರು ಅವರಲ್ಲಿ ಕೆಲವರು ಮಾತ್ರ. ಹೊಟ್ಟೆ ಕೆಟ್ಟವರು, ಅಂಗೈ ಮರಗಟ್ಟಿದವರು, ಕತ್ತಲಲ್ಲಿ ಟ್ಯೂಬು ಬದಲಿಸಲು ಬಾರದವರು, ನಿದ್ರೆಯನ್ನು ಲೆಕ್ಕಕ್ಕೆ ಹಿಡಿಯದವರೇ ಉಳಿದವರು. ಇವೆಲ್ಲವೂ ಮನೆಯಲ್ಲಿ, ಹಗಲು ಹೊತ್ತಿನಲ್ಲಿ, ಶಾಂತವಾಗಿ ಕುಳಿತು ತೀರ್ಮಾನಿಸಬೇಕಾಗಿದ್ದ ವಿಷಯಗಳು. ರಾತ್ರಿ ಮೂರು ಗಂಟೆಗೆ, ಮುನ್ನೂರನೆಯ ಕಿಲೋಮೀಟರಿನಲ್ಲಿ, ಮನುಷ್ಯನ ಬುದ್ಧಿ ಸಾಲಕ್ಕೆ ಬಿದ್ದಿರುತ್ತದೆ. ಅದರಿಂದ ಹೊಸ ತೀರ್ಮಾನವನ್ನು ನಿರೀಕ್ಷಿಸುವುದು ಸಲ್ಲದು.

ಮೊದಲು ವೈದ್ಯರು, ಆಮೇಲೆ ಸೈಕಲ್ಲು

ಡೊಂಬಿವಲಿಯಲ್ಲಿ ಮನೆ, ಕೋಟೆ ವಿಭಾಗದಲ್ಲಿ ಕಚೇರಿ, ವಯಸ್ಸು ನಲವತ್ತೈದು—ಇಂಥ ಒಬ್ಬ ಗೃಹಸ್ಥನನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಈತನು ಮೊದಲು ಹೋಗಬೇಕಾದದ್ದು ಸೈಕಲ್ ಅಂಗಡಿಗಲ್ಲ, ವೈದ್ಯರಲ್ಲಿಗೆ. ಭಾರತೀಯರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಪಾಶ್ಚಾತ್ಯರಿಗಿಂತ ಚಿಕ್ಕ ವಯಸ್ಸಿನಲ್ಲಿಯೇ ಕಾಣಿಸಿಕೊಳ್ಳುತ್ತದೆ ಎಂಬುದು ಸಿದ್ಧವಾದ ಸಂಗತಿ. ರಕ್ತದೊತ್ತಡ, ರಕ್ತದ ಸಕ್ಕರೆ, ಕೊಬ್ಬು, ಇ.ಸಿ.ಜಿ., ವೈದ್ಯರು ಅಗತ್ಯವೆಂದರೆ ಟ್ರೆಡ್‌ಮಿಲ್ ಪರೀಕ್ಷೆ—ಇವುಗಳಿಗೆ ತಗಲುವ ವೆಚ್ಚ ಒಂದು ಜೊತೆ ಒಳ್ಳೆಯ ಟೈರಿನದಕ್ಕಿಂತ ಬಹಳ ಹೆಚ್ಚೇನಲ್ಲ. ತಂದೆಗೋ ಅಣ್ಣನಿಗೋ ಸಣ್ಣ ವಯಸ್ಸಿನಲ್ಲಿ ಹೃದಯಾಘಾತವಾಗಿದ್ದರೆ ಅದನ್ನು ಮುಚ್ಚಿಡದೆ ಹೇಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು, ಸಕ್ಕರೆ ತಗ್ಗಿಸುವ ಕೆಲವು ಬಗೆಯ ಮಾತ್ರೆ ನುಂಗುವವರು ದಿನವಿಡೀ ಪೆಡಲು ತುಳಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಔಷಧಿಯ ಪ್ರಮಾಣದ ಬದಲಾವಣೆಯನ್ನು ವೈದ್ಯರೇ ಹೇಳಬೇಕು.

ಅಭ್ಯಾಸದ ವಿಷಯದಲ್ಲಿ ಅವಸರ ಕೂಡದು. ಸ್ನಾಯುಗಳು ಬೇಗ ಪಳಗುತ್ತವೆ. ಮೂಳೆಗೆ ಸ್ನಾಯುವನ್ನು ಬಿಗಿದಿರುವ ಕಂಡರಗಳು ನಿಧಾನವಾಗಿ ಪಳಗುತ್ತವೆ. ಮೊಣಕಾಲಿನ ನೋವು ಬರುವುದು ಈ ವ್ಯತ್ಯಾಸದಿಂದ. ವಾರಕ್ಕೆ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ದೂರವನ್ನು ಏರಿಸಬಾರದೆಂಬುದು ಅನುಭವದಿಂದ ಬಂದ ರೂಢಿ. ಕಚೇರಿಯ ದಿನಗಳಲ್ಲಿ ಎರಡು ಬಾರಿ ಮುಕ್ಕಾಲು ಗಂಟೆ, ಭಾನುವಾರ ಒಂದು ದೀರ್ಘ ಸವಾರಿ, ನಾಲ್ಕನೆಯ ವಾರ ತುಸು ವಿರಾಮ. ಹೀಗೆ ನಲವತ್ತರಿಂದ ಆರಂಭಿಸಿದವನು ನಾಲ್ಕು ತಿಂಗಳ ಹೊತ್ತಿಗೆ 130 ಕಿಲೋಮೀಟರನ್ನು ಹಾಯಾಗಿ ಮುಗಿಸುವಂತಾದರೆ, ಇನ್ನೂರಕ್ಕೆ ಹೆಸರು ಕೊಡಬಹುದು. ತುಳಿಯುತ್ತಲೇ ಪಕ್ಕದವನೊಡನೆ ಪೂರ್ಣ ವಾಕ್ಯಗಳಲ್ಲಿ ಮಾತನಾಡಲು ಸಾಧ್ಯವಾಗುವಷ್ಟೇ ವೇಗ ಸಾಕು. ಏದುಸಿರು ಬಂದರೆ ಅದು ಪಂದ್ಯದ ವೇಗ, ಯಾನದ ವೇಗವಲ್ಲ.

ಮುಂಬಯಿಯವರಿಗೆ ಕಸಾರಾ ಘಾಟು, ಹಳೆಯ ಹೆದ್ದಾರಿಯ ಮೇಲಿನ ಖಂಡಾಳಾದ ಬೋರ್ ಘಾಟು, ಪುಣೆಯವರಿಗೆ ಕಾತ್ರಜ, ಖಂಬಾಟ್ಕಿಗಳು ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿವೆ. (ಮುಂಬಯಿ–ಪುಣೆ ಎಕ್ಸ್‌ಪ್ರೆಸ್ ಮಾರ್ಗದಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲವೆಂಬುದನ್ನು ಹೊಸಬರು ನೆನಪಿಡಬೇಕು.) ಘಾಟಿನಲ್ಲಿ ಹಗುರವಾದ ಗೇರಿಗೆ ಇಳಿಯಲು ಸಂಕೋಚಪಡುವವರು ಆ ಸಂಕೋಚದ ಬೆಲೆಯನ್ನು ಮೊಣಕಾಲಿನಿಂದ ಕೊಡುತ್ತಾರೆ. ಬೇಸಗೆಯಲ್ಲಿ ಯಾನವಿದ್ದರೆ ದೇಹವು ಬಿಸಿಲಿಗೆ ಒಗ್ಗಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಹವಾನಿಯಂತ್ರಿತ ಕಚೇರಿಯಿಂದ ನೇರವಾಗಿ ಏಪ್ರಿಲಿನ ದಖನ್ನಿನ ಬಿಸಿಲಿಗೆ ಇಳಿಯುವುದು ಅವಿವೇಕ.

ಮುಖ್ಯ ಯಾನಕ್ಕೆ ಮುನ್ನ ಒಂದು ಪೂರ್ಣ ತಾಲೀಮು ಅತ್ಯಗತ್ಯ. ಅದೇ ಚೀಲ, ಅದೇ ಬುತ್ತಿ, ಅದೇ ದೀಪ, ಅದೇ ಚಡ್ಡಿ. ಹೊಸದಾಗಿ ಕೊಂಡ ಯಾವ ವಸ್ತುವನ್ನೂ ಯಾನದ ದಿನ ಮೊದಲ ಬಾರಿಗೆ ಬಳಸಕೂಡದು. ಮದುವೆಯ ದಿನವೇ ಹೊಸ ಚಪ್ಪಲಿ ಮೆಟ್ಟಿದ ಮದುಮಗನ ಪಾಡು ಎಲ್ಲರಿಗೂ ತಿಳಿದದ್ದೇ.

ದೇಹಕ್ಕೆ ಹೊಂದುವ ಸೈಕಲ್ಲು

ದುಬಾರಿಯ ಸೈಕಲ್ಲೇ ಬೇಕೆಂದಿಲ್ಲ. ದೇಹಕ್ಕೆ ಹೊಂದುವುದು ಬೇಕು. ಸೀಟಿನ ಮೇಲೆ ನೇರವಾಗಿ ಕುಳಿತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟರೆ ಕಾಲು ಪೂರ್ಣ ನೀಳವಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ಸ್ವಲ್ಪವೇ ಮಡಿಚಿರುತ್ತದೆ. ಸೀಟು ಬಹಳ ತಗ್ಗಾದರೆ ಮೊಣಕಾಲಿನ ಮುಂಭಾಗದಲ್ಲಿಯೂ ಬಹಳ ಎತ್ತರವಾದರೆ ಹಿಂಭಾಗದಲ್ಲಿಯೂ ನೋವು ಕಾಣಿಸಿಕೊಳ್ಳುವುದು ಸಾಮಾನ್ಯ. ನಮ್ಮ ರಸ್ತೆಗಳಿಗೆ 28ರಿಂದ 32 ಮಿಲಿಮೀಟರು ಅಗಲದ ಟೈರುಗಳು ಯೋಗ್ಯ.

ಕಿರುಬೆರಳು ಮತ್ತು ಉಂಗುರ ಬೆರಳು ಜೋಮು ಹಿಡಿಯುವುದು ಅನೇಕರ ದೂರು. ಅಂಗೈಯ ಹೊರ ಅಂಚಿನಲ್ಲಿ ಹಾಯುವ ನರವೊಂದು ಹ್ಯಾಂಡಲಿನ ಒತ್ತಡಕ್ಕೆ ಸಿಕ್ಕುವುದೇ ಇದಕ್ಕೆ ಕಾರಣ. ಹ್ಯಾಂಡಲನ್ನು ತುಸು ಏರಿಸಿ, ಕೈಗಳ ಹಿಡಿತವನ್ನು ಕೆಲವು ನಿಮಿಷಗಳಿಗೊಮ್ಮೆ ಬದಲಿಸುತ್ತಿದ್ದರೆ ಬಹುಪಾಲು ಪರಿಹಾರವಾಗುತ್ತದೆ. ಅಲಕ್ಷ್ಯ ಮಾಡಿದವರಿಗೆ ಯಾನ ಮುಗಿದು ವಾರಗಳಾದರೂ ಅಂಗಿಯ ಗುಂಡಿ ಹಾಕಲು ಬೆರಳು ಒಗ್ಗದೆ ಹೋದದ್ದುಂಟು. ಇನ್ನು ಕುಳಿತುಕೊಳ್ಳುವ ಜಾಗದ ವಿಚಾರ. ಇದನ್ನು ಮಾತನಾಡಲು ನಾಚುತ್ತಾರೆ, ಆದರೆ ಎಷ್ಟೋ ಯಾನಗಳು ಮುಕ್ತಾಯವಾಗುವುದು ಅಲ್ಲಿಯೇ. ಮೆತ್ತೆಯಿರುವ ಸೈಕಲ್ ಚಡ್ಡಿಯ ಒಳಗೆ ಬೇರೆ ಒಳಉಡುಪು ಹಾಕಬಾರದು. ಅದರ ಹೊಲಿಗೆಯೇ ಚರ್ಮವನ್ನು ತರಚುತ್ತದೆ. ತಿಕ್ಕುವ ಜಾಗಕ್ಕೆ ವ್ಯಾಸಲೀನು ಸವರಬೇಕು. ನಿಂತಲ್ಲಿ ಒದ್ದೆ ಚಡ್ಡಿಯಲ್ಲಿಯೇ ಕುಳಿತಿರಬಾರದು.

ಚೀಲದಲ್ಲಿ ಎರಡು ಟ್ಯೂಬು, ತೇಪೆ, ಟೈರು ಬಿಚ್ಚುವ ಮೀಟುಗಳು, ಪಂಪು, ಕೀಲಿಗಳ ಗೊಂಚಲು, ಚೈನಿನ ಜೋಡುಕೊಂಡಿ, ಟೈರು ಸೀಳಿದರೆ ಒಳಗೆ ಹಾಕಲು ಹಳೆಯ ಟೈರಿನ ತುಂಡು ಇರಬೇಕು. ಇವು ಇದ್ದರೆ ಸಾಲದು. ಮನೆಯ ದೀಪ ಆರಿಸಿ, ಹಿಂಬದಿಯ ಗಾಲಿಯ ಟ್ಯೂಬನ್ನು ಒಮ್ಮೆ ಬದಲಿಸಿ ನೋಡಬೇಕು. ಟೈರಿಗೆ ಒತ್ತಿಕೊಂಡು ಗುಂಯ್‌ಗುಡುತ್ತಿದ್ದ ಡೈನಮೋವನ್ನು ಹಳಬರು ಮರೆತಿರಲಾರರು. ಅದೇ ತತ್ತ್ವದ ಡೈನಮೋ ಈಗ ಗಾಲಿಯ ನಡುಗುಂಭದೊಳಗೇ ಅಡಗಿ ಬರುತ್ತದೆ. ಬ್ಯಾಟರಿಯ ದೀಪಗಳೂ ಉಂಟು. ಯಾವುದಾದರೂ ಸರಿ, ಮುಂದೆ ಎರಡು, ಹಿಂದೆ ಎರಡು ದೀಪಗಳಿರಲಿ, ಒಂದು ಕೆಟ್ಟರೆ ಇನ್ನೊಂದು. ಬೆಳಕನ್ನು ಪ್ರತಿಫಲಿಸುವ ಮೇಲಂಗಿ ರಾತ್ರಿ ಸವಾರಿಗೆ ಕಡ್ಡಾಯ.

ಗಲ್ಲೆಯ ನಗದು ಮತ್ತು ಊರಿನ ಜಮೀನು

ಆಹಾರದ ಲೆಕ್ಕವನ್ನು ಅರಿಯದೆ ದೀರ್ಘ ಯಾನಕ್ಕೆ ಹೊರಡುವುದು ಶಿಲ್ಕು ನೋಡದೆ ಚೆಕ್ಕು ಬರೆದಂತೆ. ಎಪ್ಪತ್ತು ಕಿಲೋ ತೂಕದವನು ಗಂಟೆಗೆ ಇಪ್ಪತ್ತು ಕಿಲೋಮೀಟರಿನಂತೆ ತುಳಿದರೆ ಗಂಟೆಗೆ ಸುಮಾರು 400ರಿಂದ 500 ಕ್ಯಾಲರಿ ಖರ್ಚಾಗುತ್ತದೆ. ಹತ್ತು ಗಂಟೆಗೆ ನಾಲ್ಕರಿಂದ ಐದು ಸಾವಿರ. ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಗ್ಲೈಕೊಜನ್ ರೂಪದಲ್ಲಿ ಕೂಡಿಟ್ಟ ಶಕ್ತಿ ಎರಡು ಸಾವಿರ ಕ್ಯಾಲರಿಯ ಒಳಗೇ. ಮೈಯ ಕೊಬ್ಬಿನಲ್ಲಿ ಇದರ ಹತ್ತಾರು ಪಟ್ಟು ಶಕ್ತಿಯಿದೆಯಲ್ಲ ಎನ್ನಬಹುದು. ಇದೆ ನಿಜ. ಆದರೆ ಗ್ಲೈಕೊಜನ್ ಗಲ್ಲೆಯಲ್ಲಿರುವ ನಗದು. ಕೊಬ್ಬು ಊರಿನಲ್ಲಿರುವ ಜಮೀನು. ಆಸ್ತಿ ದೊಡ್ಡದೇ, ಬೇಕೆಂದಾಗ ಬೇಕಾದಷ್ಟು ಬೇಗ ಕೈಗೆ ಬರುವುದಿಲ್ಲ. ನಿಧಾನವಾಗಿ ತುಳಿಯುವವನಿಗೆ ಜಮೀನಿನ ಉತ್ಪನ್ನದಿಂದಲೇ ಹೆಚ್ಚಿನ ಖರ್ಚು ತೂಗುತ್ತದೆ. ಆರಂಭದ ಉತ್ಸಾಹದಲ್ಲಿ ಓಡಿದವನು ಗಲ್ಲೆಯನ್ನೇ ಬರಿದು ಮಾಡಿಕೊಳ್ಳುತ್ತಾನೆ. ಗಲ್ಲೆ ಬರಿದಾದ ಗಳಿಗೆ ಥಟ್ಟನೆ ಬರುತ್ತದೆ. ಕೈ ನಡುಗುತ್ತದೆ, ತಣ್ಣನೆಯ ಬೆವರು ಒಡೆಯುತ್ತದೆ, ಸಪಾಟು ರಸ್ತೆಯೂ ಘಾಟಿನಂತೆ ತೋರುತ್ತದೆ, ಕಾರಣವಿಲ್ಲದೆ ಅಳು ಬರುತ್ತದೆ.

ಇದನ್ನು ತಪ್ಪಿಸುವ ದಾರಿ, ಗಂಟೆಗೆ 40ರಿಂದ 60 ಗ್ರಾಂ ಶರ್ಕರಪಿಷ್ಟವನ್ನು ಮೊದಲ ಗಂಟೆಯಿಂದಲೇ ಒಳಗೆ ಹಾಕುತ್ತಿರುವುದು. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಎರಡು ಚಮಚ ಸಕ್ಕರೆಯ ಚಹಾದಲ್ಲಿ ಹತ್ತು. ಖರ್ಜೂರ, ಚಿಕ್ಕಿ, ಬೆಲ್ಲ, ಅವಲಕ್ಕಿ, ಇಡ್ಲಿ, ಮೊಸರನ್ನ, ಯಾವುದೂ ಆಗಬಹುದು. ವಿದೇಶದ ಪೊಟ್ಟಣಗಳಿಲ್ಲದೆ ಯಾನ ಸಾಗದೆಂಬ ಭ್ರಮೆ ಬೇಡ. ಉತ್ತರ ಕರ್ನಾಟಕದವರು ಪ್ರಯಾಣಕ್ಕೆಂದು ಕಟ್ಟಿಕೊಳ್ಳುತ್ತಿದ್ದ ಶೇಂಗಾ ಹೋಳಿಗೆ ಸೈಕಲ್ ಚೀಲಕ್ಕೂ ಸಲ್ಲುತ್ತದೆ: ಕೆಡುವುದಿಲ್ಲ, ಒಡೆಯುವುದಿಲ್ಲ, ಒಂದು ಕೈಯಲ್ಲಿ ಹಿಡಿದು ತಿನ್ನಬಹುದು. ಹೆದ್ದಾರಿಯ ಢಾಬಾದ ಎಣ್ಣೆ ತೇಲುವ ಪಲ್ಯಕ್ಕೆ ಮಾತ್ರ ದೂರದಿಂದಲೇ ನಮಸ್ಕಾರ. ತುಳಿಯುವಾಗ ರಕ್ತವೆಲ್ಲ ಕಾಲಿನ ಕಡೆಗಿರುತ್ತದೆ, ಜಠರಕ್ಕೆ ಸಿಗುವುದು ಸ್ವಲ್ಪ.

ಸೇಂತ್-ಎತಿಯೆನ್ ಪಟ್ಟಣದಲ್ಲಿ ರೇಷ್ಮೆ ವ್ಯಾಪಾರಿಯಾಗಿದ್ದ ಪೋಲ್ ದ ವಿವಿ ಎಂಬ ಸೈಕಲ್ ಋಷಿ ‘ವೆಲೋಸಿಯೊ’ ಎಂಬ ಹೆಸರಿನಿಂದ ಬರೆಯುತ್ತಿದ್ದನು. 1930ರಲ್ಲಿ ತೀರಿಕೊಂಡ ಆತ ಶಾಕಾಹಾರಿಯಾಗಿದ್ದನೆಂಬುದು ನಮ್ಮಲ್ಲಿ ಅನೇಕರಿಗೆ ಸಮಾಧಾನ ತರಬಹುದು. ಹಸಿಯುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು ಎಂಬುದು ಅವನ ಬೋಧನೆ. ಮೊದಲನೆಯ ಮಾತು ಇಂದಿಗೂ ಅಕ್ಷರಶಃ ನಿಜ. ಎರಡನೆಯದಕ್ಕೆ ಇಂದಿನ ವೈದ್ಯಶಾಸ್ತ್ರ ತಿದ್ದುಪಡಿ ಸೂಚಿಸಿದೆ. ನೀರು ಕಡಿಮೆಯಾದರೆ ಅಪಾಯ ಹೌದು. ಆದರೆ ಬಾಯಾರಿಕೆಯಿಲ್ಲದೆಯೂ ಗಂಟೆಗಟ್ಟಲೆ ಬರೀ ನೀರನ್ನು ಹೊಟ್ಟೆಗೆ ಸುರಿದುಕೊಂಡರೆ ರಕ್ತದ ಸೋಡಿಯಂ ಅಂಶ ತಗ್ಗಿ, ತಲೆನೋವು, ವಾಂತಿ, ಕೈಬೆರಳುಗಳ ಊತ, ಮಂಕು, ಕೊನೆಗೆ ಅಪಸ್ಮಾರದಂಥ ಸೆಳೆತವೂ ಬರಬಹುದು. ಇದನ್ನು ನೀರಿನ ಕೊರತೆಯೆಂದು ತಪ್ಪು ತಿಳಿದು ಇನ್ನಷ್ಟು ನೀರು ಕುಡಿಸುವುದು ಪ್ರಾಣಾಂತಿಕ. ಪ್ರತಿಯೊಬ್ಬನ ಬೆವರೂ ಬೇರೆ. ಅಭ್ಯಾಸದ ದಿನ ಸವಾರಿಗೆ ಮುನ್ನವೂ ಅನಂತರವೂ ತೂಕ ನೋಡಿಕೊಂಡರೆ ಲೆಕ್ಕ ಸಿಗುತ್ತದೆ. ತೂಕ ತುಸು ಇಳಿದಿದ್ದರೆ ಸಹಜ; ಏರಿದ್ದರೆ ಅತಿಯಾಗಿ ಕುಡಿದದ್ದು ಖಂಡಿತ.

ಔಷಧಿ ಅಂಗಡಿಯ ಓ.ಆರ್.ಎಸ್. ಪೊಟ್ಟಣ ಇಲ್ಲಿ ಉಪಯುಕ್ತ. 1971ರಲ್ಲಿ ಬಂಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸರು ಕಾಲರಾ ರೋಗಿಗಳಿಗೆ ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದ ಉಪ್ಪು–ಸಕ್ಕರೆಯ ನೀರಿನ ಸುಧಾರಿತ ರೂಪವೇ ಇದು. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಂತೆ ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸು, ಜೊತೆಗೆ ಪೊಟ್ಯಾಸಿಯಂ ಮತ್ತು ಸಿಟ್ರೇಟ್ ಲವಣಗಳು. ಗ್ಲೂಕೋಸಿನ ಪ್ರಮಾಣವನ್ನು ನೋಡಿದರೆ ಇದು ಆಹಾರಕ್ಕೆ ಬದಲಿಯಲ್ಲವೆಂಬುದು ತಿಳಿಯುತ್ತದೆ. ಉಪ್ಪು ಹಾಕಿದ ಮಜ್ಜಿಗೆಯೂ ಒಳ್ಳೆಯದೇ. ರಕ್ತದೊತ್ತಡವಿರುವವರು ಉಪ್ಪಿನ ಬಗ್ಗೆ ಮೊದಲೇ ವೈದ್ಯರನ್ನು ಕೇಳಿಕೊಳ್ಳಬೇಕು. ಮತ್ತೊಂದು ಎಚ್ಚರಿಕೆ: ಮೊಣಕಾಲು ನೋಯುತ್ತದೆಂದು ಐಬುಪ್ರೋಫೆನ್ ಜಾತಿಯ ಮಾತ್ರೆಗಳನ್ನು ದಾರಿಯಲ್ಲಿ ನುಂಗಬಾರದು. ನೀರು ಕಡಿಮೆಯಾದ ದೇಹದಲ್ಲಿ ಅವು ಮೂತ್ರಪಿಂಡಗಳಿಗೆ ಹಾನಿ ಮಾಡಬಲ್ಲವು.

ಕಾಲದ ಜಮಾಖರ್ಚು

ಆರುನೂರು ಕಿಲೋಮೀಟರಿಗೆ 40 ಗಂಟೆ. ಚಲಿಸುವಾಗ ಗಂಟೆಗೆ 22 ಕಿಲೋಮೀಟರಿನ ಸರಾಸರಿಯಿದ್ದರೆ ತುಳಿತಕ್ಕೆ 27 ಗಂಟೆ 16 ನಿಮಿಷ ಸಲ್ಲುತ್ತದೆ. ಮಿಕ್ಕದ್ದು 12 ಗಂಟೆ 44 ನಿಮಿಷ. ಬೇಕಾದಷ್ಟಾಯಿತು ಎಂದು ತೋರುತ್ತದೆ. ಆದರೆ ಹದಿನೈದು ನಿಮಿಷಗಳ ಇಪ್ಪತ್ತು ನಿಲುಗಡೆಗಳಿಗೆ ಐದು ಗಂಟೆ ಹೋಯಿತು. ಎರಡು ಊಟಕ್ಕೆ ಒಂದೂವರೆ. ಎರಡು ಪಂಕ್ಚರಿಗೆ ಒಂದು. ಉಳಿದ ಐದು ಗಂಟೆ ಚಿಲ್ಲರೆಯಲ್ಲಿಯೇ ನಿದ್ರೆಯೂ ಎದುರುಗಾಳಿಯ ನಷ್ಟವೂ ಅಡಗಬೇಕು. ಗಂಟೆಗೆ ಎರಡು ಕಿಲೋಮೀಟರು ವೇಗ ಹೆಚ್ಚಿಸಿಕೊಳ್ಳಲು ತಿಂಗಳುಗಟ್ಟಲೆ ಬೆವರು ಸುರಿಸುವವರು ಚಹಾದಂಗಡಿಯಲ್ಲಿ ಮೊಬೈಲು ನೋಡುತ್ತ ಅದೇ ಕಾಲವನ್ನು ಅರಿಯದೆ ಕಳೆಯುತ್ತಾರೆ. ನಿಲ್ಲುವ ಮೊದಲೇ ಮಾಡಬೇಕಾದುದನ್ನು ಮನಸ್ಸಿನಲ್ಲಿ ಎಣಿಸಿಕೊಂಡು ಇಳಿಯುವವನು ಬೇಗ ಹೊರಡುತ್ತಾನೆ: ನೀರು ತುಂಬುವುದು, ಹಣ್ಣು ಕೊಳ್ಳುವುದು, ಮೂತ್ರವಿಸರ್ಜನೆ, ದಾಖಲೆ.

ಉಳಿಸಿದ ಆ ಕಾಲ ನಿದ್ರೆಗೆ ಮೀಸಲಾಗಬೇಕು. ಈ ಸವಾರಿಯಲ್ಲಿ ಎಲ್ಲಕ್ಕಿಂತ ಗಂಭೀರವಾದ ಅಪಾಯ ನಿದ್ರೆಯದೇ.

ಹದಿನೇಳು ಗಂಟೆ ಎಚ್ಚರವಿದ್ದವನ ಕೈಕಣ್ಣುಗಳ ಹೊಂದಾಣಿಕೆಯು, ನೂರು ಮಿಲಿಲೀಟರು ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರವಿರುವವನ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಸಂಶೋಧನೆಯೊಂದು ತೋರಿಸಿತು. ನಮ್ಮ ದೇಶದಲ್ಲಿ ಮೋಟಾರು ವಾಹನ ಚಾಲಕನಿಗೆ ಕಾನೂನು ವಿಧಿಸಿರುವ ಮಿತಿ 30 ಮಿಲಿಗ್ರಾಂ. ಈಗ ಲೆಕ್ಕ ಹಾಕಿ ನೋಡಬಹುದು. ಆರು ಗಂಟೆಗೆ ಹೊರಡುವ ಯಾನಕ್ಕೆ ಡೊಂಬಿವಲಿಯ ನಮ್ಮ ಗೃಹಸ್ಥನು ನಾಲ್ಕಕ್ಕೆ ಎದ್ದಿರುತ್ತಾನೆ. ರಾತ್ರಿ ಒಂಬತ್ತಕ್ಕೆ ಹದಿನೇಳು ಗಂಟೆ ತುಂಬುತ್ತದೆ. ಮುನ್ನೂರರ ಯಾನದ ಅವಧಿ ಮುಗಿಯುವ ಎರಡು ಗಂಟೆಗೆ ಇಪ್ಪತ್ತೆರಡು. ನಾನೂರರ ಯಾನದಲ್ಲಿ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಇಪ್ಪತ್ತೊಂಬತ್ತು. ಮದ್ಯವನ್ನು ಕೈಯಿಂದ ಮುಟ್ಟದ ಸದ್ಗೃಹಸ್ಥನು ಅಮಲೇರಿದವನ ಸ್ಥಿತಿಯಲ್ಲಿ, ಸಕ್ಕರೆ ಕಾರ್ಖಾನೆಗೆ ಕಬ್ಬು ಒಯ್ಯುವ ಟ್ರ್ಯಾಕ್ಟರುಗಳ, ಹಗಲಿರುಳು ಹರಿಯುವ ಲಾರಿಗಳ ನಡುವೆ, ಎರಡು ತೆಳ್ಳನೆಯ ಗಾಲಿಗಳ ಮೇಲೆ ಸಾಗುತ್ತಿರುತ್ತಾನೆ!

ಪುಣೆಯಿಂದ ಸಾತಾರಾ, ಕರಾಡ, ಕೊಲ್ಹಾಪುರಗಳನ್ನು ದಾಟಿ ನಿಪ್ಪಾಣಿಯ ಬಳಿ ಕರ್ನಾಟಕವನ್ನು ಹೊಗುವ ಹೆದ್ದಾರಿ ಪುಣೆಯ ಕನ್ನಡಿಗರಿಗೆ ಊರಿನ ದಾರಿ. ದೀಪಾವಳಿಗೆ ರಾತ್ರಿಯ ಬಸ್ಸಿನಲ್ಲಿ ಮಲಗಿ, ಬೆಳಗಾಗುವಾಗ ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ಕಣ್ಣು ತೆರೆದವರಿಗೆ ಆ ರಸ್ತೆಯ ನಡುರಾತ್ರಿಯ ಮುಖದ ಪರಿಚಯವಿರುವುದಿಲ್ಲ. ಎರಡರಿಂದ ಐದು ಗಂಟೆಯ ನಡುವೆ ದೇಹದ ಗಡಿಯಾರ ತಳಮುಟ್ಟುತ್ತದೆ. ಲಾರಿ ಓಡಿಸುವವನಿಗೂ ಅದೇ ಗಡಿಯಾರ. ರೆಪ್ಪೆಗಳು ಮೂರು ನಾಲ್ಕು ಸೆಕೆಂಡು ಮುಚ್ಚಿ ತೆರೆಯುತ್ತವೆ. ಮುಚ್ಚಿದ್ದವೆಂಬುದು ಸವಾರನಿಗೆ ತಿಳಿಯುವುದೇ ಇಲ್ಲ. ಗಂಟೆಗೆ ಇಪ್ಪತ್ತು ಕಿಲೋಮೀಟರಿನಲ್ಲಿ ಮೂರು ಸೆಕೆಂಡೆಂದರೆ ಹದಿನಾರು ಮೀಟರಿಗೂ ಹೆಚ್ಚು. ರಸ್ತೆಯ ಬಿಳಿಗೆರೆಯ ಈಚೆಗಿದ್ದ ಗಾಲಿ ಆಚೆಗೆ ಹೋಗಲು ಒಂದು ಮೀಟರು ಸಾಕು.

ಇದಕ್ಕೆ ಹಾಡು ಹೇಳಿಕೊಳ್ಳುವುದು, ಮುಖಕ್ಕೆ ನೀರು ಎರಚಿಕೊಳ್ಳುವುದು ಪರಿಹಾರವಲ್ಲ. ನಿದ್ರೆಗೆ ನಿದ್ರೆಯೇ ಮದ್ದು. ಬೆಳಕಿರುವ ಪೆಟ್ರೋಲ್ ಬಂಕಿನಲ್ಲೋ ಬಸ್ ನಿಲ್ದಾಣದಲ್ಲೋ ಸೈಕಲ್ಲಿಗೆ ಬೀಗ ಹಾಕಿ, ಒಂದು ಲೋಟ ಕಾಫಿ ಕುಡಿದು, ಇಪ್ಪತ್ತು ನಿಮಿಷಕ್ಕೆ ಅಲಾರಮ್ ಇಟ್ಟು ಕೂಡಲೇ ಮಲಗಿಬಿಡಬೇಕು. ಕಾಫಿಯ ಗುಣ ತಲೆಗೇರಲು ಅರ್ಧ ಗಂಟೆ ಹಿಡಿಯುವುದರಿಂದ ಎಚ್ಚರವಾಗುವ ಹೊತ್ತಿಗೆ ಎರಡೂ ಒದಗಿಬರುತ್ತವೆ. ಆರುನೂರರ ಯಾನದಲ್ಲಿ ಇಂಥ ತುಣುಕು ನಿದ್ರೆ ಸಾಲದು. ಎರಡು ಮೂರು ಗಂಟೆಯ ನಿದ್ರೆಗೆ ಲಾಡ್ಜನ್ನು ಮೊದಲೇ ಗೊತ್ತುಮಾಡಿಟ್ಟಿರಬೇಕು. ಹಿಂದಿನ ವಾರವಿಡೀ ಬೇಗ ಮಲಗಿದವನ ಖಾತೆಯಲ್ಲಿ ಶಿಲ್ಕು ಹೆಚ್ಚಿರುತ್ತದೆ. ಶುಕ್ರವಾರ ರಾತ್ರಿ ಹನ್ನೊಂದರವರೆಗೆ ಸೈಕಲ್ ಒರೆಸುತ್ತ ಕುಳಿತವನದು ಆರಂಭದಲ್ಲಿಯೇ ನಷ್ಟ.

ಚೀಟಿಯ ಬೆನ್ನಿನ ಮೇಲಿನ ಬರಹ

“ರಾತ್ರಿ ಹೊತ್ತು ಏನಾದರೂ ಆದರೆ ನಿಮ್ಮ ಹತ್ತಿರ ಯಾರಿರುತ್ತಾರೆ?” ಎಂದು ಹೆಂಡತಿ ಕೇಳುತ್ತಾಳೆ. ಅನೇಕ ಮನೆಗಳಲ್ಲಿ ಈ ಪ್ರಶ್ನೆಗೆ ನಗೆಯೋ ಸಿಡುಕೋ ಉತ್ತರವಾಗುತ್ತದೆ. ಪ್ರಶ್ನೆಯೇನೋ ಸರಿಯಾದದ್ದೇ. ಯಾರೂ ಇರುವುದಿಲ್ಲವೆಂಬುದೇ ಈ ಯಾನದ ನಿಯಮ. ಆದುದರಿಂದ, ಯಾವ ಸಂದರ್ಭದಲ್ಲಿ ಯಾನವನ್ನು ಅಲ್ಲಿಗೇ ಕೈಬಿಡತಕ್ಕದ್ದು ಎಂಬುದನ್ನು ಹೊರಡುವ ಮುನ್ನಾದಿನ ಇಬ್ಬರೂ ಕುಳಿತು ಬರೆದಿಡುವುದು ಮೇಲು. ಎದೆಯಲ್ಲೋ ದವಡೆಯಲ್ಲೋ ಎಡತೋಳಿನಲ್ಲೋ ಬಿಗಿತ ಅಥವಾ ನೋವು, ಉರಿಬಿಸಿಲಿನಲ್ಲಿ ತಲೆ ಮಂಕಾಗಿ ಮಾತು ತೊದಲುವುದು, ನಿಲ್ಲದ ವಾಂತಿ, ಮಲಗೆದ್ದ ಮೇಲೂ ಮತ್ತೆ ತೂಕಡಿಕೆ, ರಾತ್ರಿ ಹಿಂಬದಿಯ ಎರಡೂ ದೀಪಗಳು ಆರಿಹೋಗುವುದು. ಇವುಗಳಲ್ಲಿ ಯಾವುದೊಂದು ಒದಗಿದರೂ ವಾದವಿಲ್ಲದೆ ನಿಲ್ಲುವುದು. ಮೊದಲಿನ ಎರಡರಲ್ಲಿ ನಿಲ್ಲುವುದಷ್ಟೇ ಅಲ್ಲ, 108ಕ್ಕೆ ಕರೆಮಾಡಿ ತಡವಿಲ್ಲದೆ ಆಸ್ಪತ್ರೆ ಸೇರಬೇಕು. ದಾರಿಯ ರೈಲು ನಿಲ್ದಾಣಗಳು, ದೊಡ್ಡ ಆಸ್ಪತ್ರೆಗಳಿರುವ ಊರುಗಳು, ವ್ಯವಸ್ಥಾಪಕರ ದೂರವಾಣಿ, ಸವಾರನ ರಕ್ತದ ಗುಂಪು—ಇವು ಒಂದೇ ಚೀಟಿಯಲ್ಲಿದ್ದು, ಅದರ ಒಂದು ಪ್ರತಿ ಜೇಬಿನಲ್ಲಿಯೂ ಇನ್ನೊಂದು ಮನೆಯಲ್ಲಿಯೂ ಇರಲಿ. ಟೆಂಪೋ ಹಿಡಿದು ಮರಳುವಷ್ಟು ನಗದು ಕೂಡ ಬೇಕು. ನಡುರಾತ್ರಿಯಲ್ಲಿ ಎಲ್ಲ ಕಡೆಗಳಲ್ಲಿಯೂ ಮೊಬೈಲಿನಿಂದ ಹಣ ಸಂದಾಯವಾಗುತ್ತದೆಂಬ ಭರವಸೆಯಿಲ್ಲ.

ಕೈಬಿಟ್ಟವನಿಗೆ ಅವಮಾನವೆನಿಸುವುದು ಸಹಜ. ಮುಂದಿನ ತಿಂಗಳು ಅದೇ ದೂರದ ಬೇರೊಂದು ಯಾನ ಇದ್ದೇ ಇರುತ್ತದೆ. ಯಾವುದಾದರೊಂದು ಯಾನವನ್ನು ಕೈಬಿಡದ ಹಳೆಯ ಸವಾರ ಸಿಗುವುದು ದುರ್ಲಭ.

ಯಾನ ಮುಗಿದ ಬಳಿಕ ಇನ್ನೊಂದು ಯಾನ ಉಳಿದಿರುತ್ತದೆ, ಮನೆಗೆ ಹೋಗುವುದು. ಆರುನೂರನ್ನು ಕ್ಷೇಮವಾಗಿ ಮುಗಿಸಿ, ಭಾನುವಾರ ರಾತ್ರಿ ಹತ್ತಕ್ಕೆ ಕೊನೆಯ ದಾಖಲೆ ಪಡೆದು, ನಾಳೆ ಕಚೇರಿಯಿದೆಯೆಂದು ತಾನೇ ಸ್ಕೂಟರೋ ಕಾರೋ ನಡೆಸಿಕೊಂಡು ಹೊರಡುವುದಕ್ಕಿಂತ ದೊಡ್ಡ ತಪ್ಪಿಲ್ಲ. ಯಾನವಿಡೀ ಕಾಪಾಡಿದ ಎಚ್ಚರವು ಆ ಕೊನೆಯ ದಾಖಲೆಯೊಡನೆ ಸಡಿಲವಾಗುತ್ತದೆ. ಮಗನೋ ಗೆಳೆಯನೋ ಕರೆದೊಯ್ಯಲು ಬರಲಿ, ಇಲ್ಲವೇ ಬಾಡಿಗೆ ವಾಹನವಿರಲಿ. ಸೋಮವಾರಕ್ಕೆ ರಜೆಯ ಅರ್ಜಿಯನ್ನು ಶುಕ್ರವಾರವೇ ಬರೆದುಕೊಟ್ಟಿರಬೇಕು. ನಿದ್ರೆಗೆಟ್ಟ ಕೈಯಿಂದ ಬರೆದ ಲೆಕ್ಕವನ್ನು ಮಂಗಳವಾರ ತಿದ್ದುತ್ತ ಕುಳಿತವರು ಈ ಮಾತನ್ನು ಒಪ್ಪುವರು.

ಫಲಿತಾಂಶ ಪ್ಯಾರಿಸಿಗೆ ಹೋಗಿ, ಅಲ್ಲಿನ ಕ್ಲಬ್ಬಿನ ವಹಿಯಲ್ಲಿ ಸೇರಿ, ಕೆಲವು ಕಾಲದ ಮೇಲೆ ಒಂದು ಕ್ರಮಸಂಖ್ಯೆ ಬರುತ್ತದೆ. ಪದಕ ಬೇಕೆಂದವರು ಹಣ ಕೊಟ್ಟು ತರಿಸಿಕೊಳ್ಳಬಹುದು. ಹಲವರು ಅದನ್ನು ತರಿಸುವುದಿಲ್ಲ. ಬೆವರಿನಿಂದ ಮೆತ್ತಗಾದ, ಮಡಿಕೆಯಲ್ಲಿ ಹರಿದ ಆ ಚೀಟಿಯನ್ನು ಮಾತ್ರ ಮುಂದಿನ ಯಾನಕ್ಕೂ ಬೇಕಾಗುತ್ತದೆಂದು ಪಾಸ್‌ಪುಸ್ತಕಗಳ ಜೊತೆಯಲ್ಲಿ ಇಟ್ಟುಕೊಳ್ಳುತ್ತಾರೆ.